ಎಂಜಿನ್ನಿನ ಸುಳ್ಳು ಸಾಕ್ಷಿ

ಕಾಸರಗೋಡಿನ ಆಟಿಯ ಮಳೆ ವಾಹನಗಳ ವಿದ್ಯುತ್ ತಂತಿಗಳಿಗೆ ಹಿತವಾದುದಲ್ಲ. ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಕರೊಬ್ಬರ ಹಳೆಯ ಪೆಟ್ರೋಲ್ ಕಾರು ಕಳೆದ ವರ್ಷ ನಿಂತಲ್ಲಿಯೇ ಗರ್ಜಿಸತೊಡಗಿತು. ಎಂಜಿನ್ ಕಾದ ಮೇಲೆ ನಿಮಿಷಕ್ಕೆ 800ರ ಆಸುಪಾಸಿಗೆ ಇಳಿಯಬೇಕಾದ ಸುತ್ತುಗಳು 1500ಕ್ಕಿಂತ ಕೆಳಗೆ ಬಾರವು. ಕಾರ್ಯಾಗಾರವೊಂದರವರು ಪರೀಕ್ಷೆಯ ಗೊಡವೆಗೆ ಹೋಗದೆ, ಇಡೀ ಎಲೆಕ್ಟ್ರಾನಿಕ್ ನಿಯಂತ್ರಣ ಘಟಕವನ್ನೇ ಬದಲಿಸಬೇಕೆಂದು ತೀರ್ಪಿತ್ತರು. ಬೆಲೆ ಕೇಳಿದ ಅಧ್ಯಾಪಕರು ಕಾರನ್ನೇ ಮಾರುವ ಯೋಚನೆಗೆ ಬಿದ್ದರು. ವಿಚಾರಣೆಯಿಲ್ಲದ ತೀರ್ಪುಗಳು ನ್ಯಾಯಾಲಯದ ಹೊರಗೇ ಹೆಚ್ಚು!

ಮೆಕ್ಯಾನಿಕ್ ಆಗಿರುವ ಅವರ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಸ್ಕ್ಯಾನರ್ ಜೋಡಿಸಿದ. ಕೈಯಿಡಲಾಗದಷ್ಟು ಕಾದಿದ್ದ ಎಂಜಿನ್ನಿನ ಶೀತಕದ ಉಷ್ಣತೆ ಮೈನಸ್ 40 ಡಿಗ್ರಿ ಎಂದು ಪರದೆ ತೋರಿಸಿತು. ಶೀತಕದ ಉಷ್ಣತೆಯನ್ನು ಅಳೆಯುವ ಸಂವೇದಕದ ರೋಧವು ಬಿಸಿ ಏರಿದಂತೆ ಇಳಿಯುತ್ತದೆ; ಹಲವು ಕಾರುಗಳಲ್ಲಿ 20 ಡಿಗ್ರಿಯಲ್ಲಿ ಎರಡೂವರೆ ಸಾವಿರ ಓಮ್‌ನಷ್ಟಿದ್ದರೆ, 80ರಲ್ಲಿ ಮುನ್ನೂರರ ಸುಮಾರು. ಸಂಪರ್ಕ ಕಡಿದರೆ ರೋಧ ಅಪಾರವಾದಂತೆ ಕಾಣುತ್ತದೆ. ಘಟಕವು ಅದನ್ನು ಕಡುಚಳಿಯೆಂದು ನಂಬಿ, ಹೆಚ್ಚು ಗಾಳಿ, ಹೆಚ್ಚು ಇಂಧನ ಕೊಟ್ಟು ಸುತ್ತನ್ನು ಏರಿಸುತ್ತದೆ. ಅದರ ತರ್ಕದಲ್ಲಿ ದೋಷವಿಲ್ಲ, ದೊರೆತ ಸಾಕ್ಷ್ಯವೇ ಸುಳ್ಳು.

ಹುಡುಗ ಸಂವೇದಕವನ್ನೂ ಒಡನೆ ಅಪರಾಧಿಯೆನ್ನಲಿಲ್ಲ. ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಿಂದ ಅಳೆದ. ರೋಧ ಇನ್ನೂರೈವತ್ತು ಓಮ್, ಸರಿಯಾಗಿಯೇ ಇತ್ತು. ಕನೆಕ್ಟರಿನ ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದಿತ್ತು. ಓಮನ ನಿಯಮವನ್ನು ಆತ ಕಲಿತದ್ದು ಇದೇ ಅಧ್ಯಾಪಕರಿಂದ, ಕನ್ನಡದಲ್ಲಿ; ಮೀಟರು ಓದುವಾಗ ಆತನ ಬಾಯಲ್ಲಿ ಬಂದದ್ದೂ ‘ರೋಧ’ ಎಂಬ ಪದವೇ.

ಕಿಲುಬು ತೆಗೆದು ಮರಳಿ ಜೋಡಿಸಿದಾಗ ಸುತ್ತು ಮೆಲ್ಲನೆ 800ಕ್ಕೆ ಇಳಿಯಿತು. ಕನೆಕ್ಟರಿನ ಹರಿದ ರಬ್ಬರ್ ಮುಚ್ಚಳವನ್ನು ಮುಂದಿನ ಮಳೆಗೆ ಮೊದಲು ಬದಲಿಸಬೇಕೆಂದು ಆತ ಹೇಳಿಹೋದ.