ನಂದಿದ ನಕ್ಷತ್ರಗಳ ಜಾಡು

ಕ್ರಿ.ಶ. 1054ರಲ್ಲಿ ವೃಷಭರಾಶಿಯಲ್ಲಿ ಹೊಸ ತಾರೆಯೊಂದು ಮೂಡಿ, 23 ದಿನಗಳವರೆಗೆ ಹಾಡಹಗಲಿನಲ್ಲಿಯೂ ಗೋಚರಿಸಿತೆಂದು ಚೀನದ ಜ್ಯೋತಿಷಿಗಳು ಬರೆದಿಟ್ಟಿದ್ದಾರೆ. ಅದು ಹುಟ್ಟಿದ ತಾರೆಯಲ್ಲ, ಸಿಡಿದು ಸತ್ತ ತಾರೆ. ವಿಜ್ಞಾನಿಗಳು ಸೂಪರ್‌ನೋವಾ ಎನ್ನುತ್ತಾರೆ. ಆ ಸಾವಿಗೆ ಸಾಕ್ಷಿಗಳಿದ್ದರು. ಹದಿನೇಳನೆಯ ಶತಮಾನದ ಕೊನೆಗೆ ಕೆಸಿಯೋಪಿಯಾ ಪುಂಜದಿಂದ ಬಂದ ಇಂತಹುದೇ ಸುದ್ದಿಗೆ ನಿಸ್ಸಂದಿಗ್ಧ ದಾಖಲೆಯಿಲ್ಲ. ಅದರ ಅವಶೇಷವನ್ನು 1948ರಲ್ಲಿ ಕೇಂಬ್ರಿಜ್‌ನ ರೈಲ್ ಮತ್ತು ಸ್ಮಿತ್ ಕಂಡುಹಿಡಿದದ್ದು ಕಣ್ಣಿನಿಂದಲ್ಲ, ರೇಡಿಯೋ ಅಲೆಗಳಿಂದ.

ಸ್ಫೋಟದ ಅಲೆಯು ಅಂತರಿಕ್ಷದ ವಿರಳ ಅನಿಲವನ್ನು ತಳ್ಳುತ್ತ ಚಿಪ್ಪಿನಂತೆ ಹಿಗ್ಗುತ್ತದೆ. ಅಲ್ಲಿ ಬೆಳಕಿನ ವೇಗವನ್ನು ಸಮೀಪಿಸಿದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತ ರೇಡಿಯೋ ಅಲೆಗಳನ್ನು ಸೂಸುತ್ತವೆ. ಬೆಳಕನ್ನು ತಡೆಯುವ ಧೂಳು ಇವನ್ನು ತಡೆಯಲಾರದು. ಆದರೆ ಚಿಪ್ಪು ಹಿಗ್ಗಿದಷ್ಟೂ ಮಂದವಾಗಿ, ಕೊನೆಗೆ ಆಕಾಶಗಂಗೆಯದೇ ರೇಡಿಯೋ ಮೊರೆತದಲ್ಲಿ ಮುಳುಗಿಹೋಗುತ್ತದೆ; ಜಾತ್ರೆಯ ಗದ್ದಲದಲ್ಲಿ ಮುದುಕನೊಬ್ಬನ ಪಿಸುಮಾತಿನಂತೆ.

ಅಂತಹ ಪಿಸುಮಾತಿಗೆ ಕಿವಿಗೊಟ್ಟ ಸ್ಥಳವೊಂದು ನಮ್ಮ ನಾಡಿನಲ್ಲಿಯೇ ಇದೆ. ಗೌರಿಬಿದನೂರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಕೂಡಿ 1970ರ ದಶಕದಲ್ಲಿ ರೇಡಿಯೋ ದೂರದರ್ಶಕವೊಂದನ್ನು ನಿರ್ಮಿಸಿದವು. ಒಮ್ಮೆ ಅದನ್ನು ನೋಡಲು ನಮ್ಮ ಶಾಲೆಯ ಮಕ್ಕಳನ್ನು ಕರೆದೊಯ್ದಿದ್ದೆ. ಭಾರಿ ಕೊಳವೆಯನ್ನು ನಿರೀಕ್ಷಿಸಿದ್ದವರಿಗೆ ಕಂಡದ್ದು ಬಯಲಿನ ಕಂಬಗಳು, ತಂತಿಗಳು! “ಬಟ್ಟೆ ಒಣಹಾಕುವುದಕ್ಕೆ ಒಳ್ಳೆಯ ಜಾಗ ಸಾರ್” ಎಂದನೊಬ್ಬ. ಇಂಗ್ಲಿಷಿನ ‘ಟಿ’ ಅಕ್ಷರದಂತೆ ಹರಡಿದ 1,000 ದ್ವಿಧ್ರುವಗಳು. ಪೂರ್ವಪಶ್ಚಿಮದ ತೋಳೇ ಸುಮಾರು 1.4 ಕಿಲೋಮೀಟರ್. ಹಿಡಿಯಬೇಕಾದ ಅಲೆಯ ಉದ್ದ 8.7 ಮೀಟರ್ ಆದುದರಿಂದ ಅಷ್ಟು ಹರವು ಅಗತ್ಯ. ಅವಶೇಷಗಳ ದನಿ ಇಂತಹ ಉದ್ದನೆಯ ಅಲೆಗಳಲ್ಲಿಯೇ ಹೆಚ್ಚು ಪ್ರಬಲ. ಸಾವಿರಾರು ವರ್ಷಗಳ ಹಿಂದೆ ಸಿಡಿದ ತಾರೆಯೊಂದು ಸಿಗ್ನಸ್ ಪುಂಜದಲ್ಲಿ ಬಿಟ್ಟುಹೋದ ಚಿಪ್ಪಿನ ನಕ್ಷೆಯನ್ನು ಇಲ್ಲಿಂದಲೇ ಬರೆದು 1981ರಲ್ಲಿ ಪ್ರಕಟಿಸಿದರು. ಅದರ ಅಗಲ ಸುಮಾರು ಆರು ಹುಣ್ಣಿಮೆಚಂದ್ರರನ್ನು ಸಾಲಾಗಿ ಇರಿಸಿದಷ್ಟು. ಬರಿಗಣ್ಣಿಗೆ ಮಾತ್ರ ಅಲ್ಲಿ ಏನೂ ಇಲ್ಲ.

ಮಸುಕಾದ ಉಂಗುರ ಕಂಡೊಡನೆ ಅವಶೇಷವೆಂದು ಸಾರಿಬಿಡುವಂತಿಲ್ಲ. ಎಳೆಯ ನಕ್ಷತ್ರಗಳು ಕಾಯಿಸಿದ ಅನಿಲದ ಮೋಡವೂ ಹಾಗೆಯೇ ತೋರೀತು. ಆದುದರಿಂದ ಅದನ್ನು ಬೇರೆಬೇರೆ ತರಂಗಾಂತರಗಳಲ್ಲಿ ಅಳೆಯುತ್ತಾರೆ. ಅಲೆ ಗಿಡ್ಡವಾದಂತೆ ದನಿ ಕುಗ್ಗಿದರೆ ಅವಶೇಷವೆಂಬ ಊಹೆ ಬಲಗೊಳ್ಳುತ್ತದೆ. ಬಿಸಿಮೋಡವಾದರೆ ಅವಕೆಂಪು ಕಿರಣಗಳಲ್ಲಿ ಉಜ್ವಲವಾಗಿ ಬೆಳಗುತ್ತದೆ. ಸವೆದ ಶಾಸನದಲ್ಲಿ ಅಕ್ಷರ ಯಾವುದು, ಕಲ್ಲಿನ ಬಿರುಕು ಯಾವುದು ಎಂದು ಬೆರಳಾಡಿಸಿ ನೋಡುವವರಲ್ಲಿ ಮಾತ್ರ ಇಂತಹ ತಾಳ್ಮೆಯನ್ನು ನಾನು ಕಂಡಿದ್ದೇನೆ.

ಆಕಾಶಗಂಗೆಯಲ್ಲಿ ಸಾವಿರಕ್ಕೂ ಹೆಚ್ಚು ಅವಶೇಷಗಳಿರಬೇಕೆಂದು ಲೆಕ್ಕಾಚಾರ; ಪಟ್ಟಿಗೆ ಸೇರಿರುವುದು ಸುಮಾರು 300. ಉಳಿದವನ್ನು ಹುಡುಕಹೊರಟರೆ ನಮ್ಮದೇ ಗದ್ದಲ ಅಡ್ಡಬರುತ್ತದೆ. ವಿದ್ಯುತ್ ತಂತಿಯ ಕಿಡಿ, ಮೊಬೈಲು, ತಲೆಯ ಮೇಲೆ ಹಾರುವ ಉಪಗ್ರಹ, ಇವುಗಳ ಅಬ್ಬರದ ಮುಂದೆ ಸತ್ತ ತಾರೆಯ ದನಿ ಎಷ್ಟರದು? ದಕ್ಷಿಣ ಆಫ್ರಿಕವು 2007ರಲ್ಲಿ ಕಾನೂನನ್ನೇ ರಚಿಸಿ ಕರೂ ಬಯಲಿನ ರೇಡಿಯೋ ಮೌನವನ್ನು ಕಾಯುತ್ತಿದೆ. ಅಲ್ಲಿ ನಿಂತಿರುವ ಮೀರ್‌ಕ್ಯಾಟ್‌ನ 64 ತಟ್ಟೆಗಳಿಗೆ, ಈವರೆಗೆ ಯಾರೂ ಕಾಣದ ಮಸುಕು ಉಂಗುರಗಳು ಒಂದೊಂದಾಗಿ ಗೋಚರಿಸತೊಡಗಿವೆ.