ಇಪ್ಪತ್ನಾಲ್ಕಕ್ಕೆ ಬ್ಯಾಟ್ ಕೆಳಗಿಟ್ಟ ಅರ್ಚನಾ

ಪ್ಯಾರಿಸ್ ಒಲಿಂಪಿಕ್ಸ್ ಮುಗಿದು ಎರಡು ವಾರವೂ ಆಗಿರಲಿಲ್ಲ. ಬೆಂಗಳೂರಿನ ಟೇಬಲ್ ಟೆನಿಸ್ ಆಟಗಾರ್ತಿ ಅರ್ಚನಾ ಕಾಮತ್ ಆಟ ಬಿಟ್ಟು ಓದಲು ಅಮೆರಿಕಕ್ಕೆ ಹೊರಟಿದ್ದಾಳೆ ಎಂಬ ಸುದ್ದಿ ಬಂತು. 2024ರ ಆಗಸ್ಟ್. ಆಕೆಗೆ ಆಗ ಇಪ್ಪತ್ನಾಲ್ಕು ವರ್ಷ.

ಪುಣೆಯಲ್ಲಿರುವ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಗಣಪತಿ ಹಬ್ಬಕ್ಕೆ ಊರಿಗೆ ಹೋಗುವ ಬಸ್ಸಿನ ಟಿಕೆಟ್ಟು, ಜೋಳದ ರೊಟ್ಟಿ ಮಾಡಿಕೊಡುವವರ ಫೋನ್ ನಂಬರು ಇಂಥವೇ ಓಡಾಡುತ್ತವೆ. ಅವತ್ತು ಮಾತ್ರ ಎರಡು ಪಕ್ಷಗಳಾದವು. 'ಸದ್ಯ, ಬುದ್ಧಿ ಬಂತಲ್ಲ, ಈ ಆಟದಲ್ಲಿ ಏನಿದೆ' ಎನ್ನುವವರು ಒಂದು ಕಡೆ. 'ಸರ್ಕಾರ ಅಷ್ಟು ಖರ್ಚು ಮಾಡಿ ಬೆಳೆಸಿದ್ದು ದಂಡವಾಯಿತು' ಎನ್ನುವವರು ಇನ್ನೊಂದು ಕಡೆ. ರಾತ್ರಿ ಹನ್ನೊಂದರವರೆಗೂ ಜಗಳ ನಡೆಯಿತು. ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟೇ: ಇಬ್ಬರೂ ಒಂದು ವಿಷಯದಲ್ಲಿ ಒಂದೇ ಪಕ್ಷ. ಅಲ್ಲಿಯವರೆಗೆ ಆಕೆ ಆಡಿದ್ದೆಲ್ಲ ವ್ಯರ್ಥ ಅಂತ ಇಬ್ಬರೂ ಒಪ್ಪಿಕೊಂಡುಬಿಟ್ಟಿದ್ದರು.

ನನಗೆ ಅದು ಒಪ್ಪಿಗೆಯಾಗಲಿಲ್ಲ. ಯಾಕೆಂದರೆ ಆಕೆ ಆಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ, ಅದೂ ಇದೇ ಪುಣೆಯಲ್ಲಿ.

2023ರ ಜುಲೈನಲ್ಲಿ ಅಲ್ಟಿಮೇಟ್ ಟೇಬಲ್ ಟೆನಿಸ್ ಲೀಗ್ ಬಾಲೇವಾಡಿಯ ಶಿವಛತ್ರಪತಿ ಕ್ರೀಡಾ ಸಂಕುಲದಲ್ಲಿ ನಡೆಯಿತು. ಹಿಂಜೇವಾಡಿಯಿಂದ ಹತ್ತಿರವೇ, ಆದರೆ ಸಂಜೆಯ ಟ್ರಾಫಿಕ್ಕಿನಲ್ಲಿ ಹತ್ತಿರ ಎನ್ನುವ ಮಾತಿಗೆ ಅರ್ಥವಿಲ್ಲ. ಹೊರಗೆ ಜಡಿಮಳೆ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಅರ್ಚನಾ ಆ ವರ್ಷ ಪುಣೇರಿ ಪಲ್ಟನ್ ತಂಡದಲ್ಲಿದ್ದಳು. ಸುತ್ತಲೂ ಮರಾಠಿಯಲ್ಲಿ ಕೂಗುತ್ತಿದ್ದ ಜನ, ನಡುವೆ ನಾವಿಬ್ಬರು ಧಾರವಾಡದ ಕನ್ನಡದಲ್ಲಿ 'ಹೊಡಿ, ಹೊಡಿ' ಅಂತ ಕೂಗಿದ್ದು. ನಮ್ಮ ಹುಡುಗಿ ಅವರ ಊರಿನ ತಂಡಕ್ಕೆ ಆಡುತ್ತಿದ್ದಾಳೆ. ಹದಿನೇಳು ವರ್ಷದಿಂದ ಇಲ್ಲಿ ದುಡಿಯುತ್ತಿರುವ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಟಿವಿಯಲ್ಲಿ ನೋಡಿದವರಿಗೆ ಈ ಆಟದ ವೇಗ ಗೊತ್ತಾಗುವುದಿಲ್ಲ. ಆಫೀಸಿನ ಕೆಫೆಟೇರಿಯಾದ ಮೂಲೆಯಲ್ಲಿ ಊಟವಾದ ಮೇಲೆ ನಾವು ಆಡುತ್ತೇವಲ್ಲ, ಅದಕ್ಕೂ ಇದಕ್ಕೂ ಟೇಬಲ್ಲಿನ ಅಳತೆ ಒಂದೇ, ಉಳಿದದ್ದೆಲ್ಲ ಬೇರೆ. ಚೆಂಡು ಕಾಣಿಸುವುದಕ್ಕಿಂತ ಮೊದಲು ಕೇಳಿಸುತ್ತದೆ. ಆಕೆ ಟೇಬಲ್ಲಿಗೆ ಹತ್ತಿರ ನಿಂತು ಎರಡೂ ಕಡೆಯಿಂದ ಹೊಡೆಯುತ್ತಿದ್ದಳು. ಪಾಯಿಂಟ್ ಮುಗಿದ ಮೇಲೆ ಟವೆಲ್ಲಿನತ್ತ ನಡೆಯುವಾಗ ಮುಖದಲ್ಲಿ ಗೆದ್ದದ್ದೋ ಸೋತದ್ದೋ ಗೊತ್ತಾಗುತ್ತಿರಲಿಲ್ಲ. ಮಗಳು ಗಮನಿಸಿದ್ದು ಅದನ್ನೇ. 'ಅಪ್ಪಾ, ಆಕಿ ಹೋದ ಪಾಯಿಂಟ್ ಬಗ್ಗೆ ಯೋಚನೀನ ಮಾಡೂದಿಲ್ಲ ನೋಡು' ಅಂದಳು.

ಆಕೆಯ ದಾರಿಯನ್ನು ಒಮ್ಮೆ ಹಿಂದಿನಿಂದ ನೋಡೋಣ. ತಂದೆ ತಾಯಿ ಇಬ್ಬರೂ ಕಣ್ಣಿನ ವೈದ್ಯರು. 2018ರಲ್ಲಿ ಬ್ಯೂನಸ್ ಐರಿಸ್‌ನ ಯೂತ್ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತಲುಪಿದಳು. 2019ರ ಜನವರಿಯಲ್ಲಿ ಕಟಕ್‌ನಲ್ಲಿ ಹದಿನೆಂಟನೆಯ ವಯಸ್ಸಿಗೆ ಸೀನಿಯರ್ ರಾಷ್ಟ್ರೀಯ ಚಾಂಪಿಯನ್. ಅದೇ ವರ್ಷ ಅದೇ ಊರಿನಲ್ಲಿ ಜಿ. ಸತ್ಯನ್ ಜೊತೆ ಕಾಮನ್‌ವೆಲ್ತ್ ಚಾಂಪಿಯನ್‌ಶಿಪ್‌ನ ಮಿಶ್ರ ಡಬಲ್ಸ್ ಚಿನ್ನ. 2021ರಲ್ಲಿ ಸ್ಲೊವೇನಿಯಾದ ಲಾಶ್ಕೊದಲ್ಲಿ ಮಣಿಕಾ ಬಾತ್ರಾ ಜೊತೆ ಡಬಲ್ಸ್ ಪ್ರಶಸ್ತಿ.

2022ರಲ್ಲಿ ಪೆಟ್ಟು ಬಿತ್ತು. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್‌ಗೆ ಮೊದಲು ಪ್ರಕಟವಾದ ತಂಡದಲ್ಲಿ ಹೆಸರಿತ್ತು, ಆಮೇಲೆ ಪರಿಷ್ಕರಿಸಿದ ಪಟ್ಟಿಯಲ್ಲಿ ಇರಲಿಲ್ಲ. ಕರ್ನಾಟಕ ಹೈಕೋರ್ಟಿಗೆ ಹೋದಳು, ಅರ್ಜಿ ವಜಾ ಆಯಿತು. ಎರಡು ವರ್ಷದ ನಂತರ ಪ್ಯಾರಿಸ್ ತಂಡಕ್ಕೆ ಮೂರನೆಯ ಆಟಗಾರ್ತಿಯಾಗಿ ಆಯ್ಕೆಯಾದಾಗ ಗೊಣಗಾಟ ಇನ್ನೊಂದು ದಿಕ್ಕಿನಿಂದ ಬಂತು. ಅದೇ ವರ್ಷ ಫೆಬ್ರವರಿಯಲ್ಲಿ ಚೀನಾದ ಸುನ್ ಯಿಂಗ್‌ಶಾಳನ್ನೇ ಸೋಲಿಸಿದ್ದ ಐಹಿಕಾ ಮುಖರ್ಜಿಯನ್ನು ಬಿಟ್ಟು ಈಕೆಯನ್ನು ಯಾಕೆ ತೆಗೆದುಕೊಂಡರು ಅಂತ. ಪಟ್ಟಿಯಿಂದ ಹೊರಗಿರುವ ನೋವು, ಪಟ್ಟಿಯ ಒಳಗಿರುವ ಮುಜುಗರ, ಎರಡನ್ನೂ ಇಪ್ಪತ್ನಾಲ್ಕರೊಳಗೆ ಕಂಡಾಯಿತು.

ಭಾರತದ ಮಹಿಳಾ ತಂಡ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಗೆ ಅರ್ಹತೆ ಪಡೆದದ್ದು ಅದೇ ಮೊದಲ ಸಲ. ರೊಮೇನಿಯಾವನ್ನು 3-2ರಿಂದ ಸೋಲಿಸಿ ಕ್ವಾರ್ಟರ್‌ಫೈನಲ್‌ಗೆ ಹೋದರು. ಆಗಸ್ಟ್ 7ರ ಬುಧವಾರ ಜರ್ಮನಿಯ ವಿರುದ್ಧ ಆಟ. ಊಟದ ಹೊತ್ತಿಗೆ ನಾವು ನಾಲ್ಕೈದು ಜನ ಒಂದು ಫೋನಿನ ಸುತ್ತ ನಿಂತು ನೋಡಿದೆವು. ಡಬಲ್ಸ್ ಹೋಯಿತು. ಮಣಿಕಾ ಸೋತಳು. ಮೂರನೆಯ ಪಂದ್ಯಕ್ಕೆ ಅರ್ಚನಾ ಬಂದಳು, ಎದುರಿಗೆ ರಿಯೊ ಒಲಿಂಪಿಕ್ಸ್‌ನಲ್ಲಿ ತಂಡದ ಬೆಳ್ಳಿ ಗೆದ್ದಿದ್ದ ಶಾನ್ ಶಿಯಾವೊನಾ.

ಮೊದಲ ಗೇಮ್ 19-17. ಆ ಅಂಕಿಯನ್ನು ಸ್ವಲ್ಪ ನಿಧಾನವಾಗಿ ಓದಬೇಕು. ನಾವು ಹಾಸ್ಟೆಲಿನಲ್ಲಿ ಆಡುವಾಗ ಚೆಂಡು 38 ಮಿಲಿಮೀಟರ್, ಗೇಮ್ 21 ಪಾಯಿಂಟಿಗೆ. 2000ದಲ್ಲಿ ಚೆಂಡನ್ನು 40 ಮಿಲಿಮೀಟರ್ ಮಾಡಿದರು, ಮರುವರ್ಷ ಗೇಮನ್ನು 11 ಪಾಯಿಂಟಿಗೆ ಇಳಿಸಿದರು. ಈಗ 11ಕ್ಕೆ ಮುಗಿಯಬೇಕಾದ ಗೇಮ್ 19ಕ್ಕೆ ಹೋಯಿತೆಂದರೆ, 10-10 ಆದ ಮೇಲೆ ಮತ್ತೆ ಮತ್ತೆ ಸಮ, ಪ್ರತಿ ಚೆಂಡಿಗೂ ಗೇಮ್ ಹೋಗಬಹುದಾದ ಸ್ಥಿತಿ. ಅದನ್ನು ಗೆದ್ದಳು. ಮುಂದಿನ ಗೇಮ್ 1-11, ಹೆಚ್ಚುಕಮ್ಮಿ ಆಡಲೇ ಇಲ್ಲ ಎನ್ನುವ ಹಾಗೆ. ನಮ್ಮಲ್ಲೊಬ್ಬ 'ಮುಗೀತು' ಅಂತ ತಟ್ಟೆ ಇಡಲು ಹೋದ. ಆಕೆ 11-5, 11-9ರಿಂದ ಉಳಿದೆರಡನ್ನೂ ಗೆದ್ದಳು. ಭಾರತ 1-3ರಿಂದ ಸೋತಿತು. ಆ ಒಂದು ಅರ್ಚನಾಳದು.

ಅದು ಆಕೆಯ ಕೊನೆಯ ಒಲಿಂಪಿಕ್ಸ್ ಪಂದ್ಯವಾಗುತ್ತದೆ ಎಂದು ನಮಗಾರಿಗೂ ತಿಳಿದಿರಲಿಲ್ಲ.

ಊರಿಗೆ ಬಂದ ಮೇಲೆ ಕೋಚ್ ಅನ್ಶುಲ್ ಗರ್ಗ್ ಅವರ ಹತ್ತಿರ ಆಕೆ ಕೇಳಿದ್ದು, 2028ರ ಲಾಸ್ ಏಂಜಲೀಸ್‌ನಲ್ಲಿ ಪದಕದ ಸಾಧ್ಯತೆ ಎಷ್ಟು ಎಂದು. ಕಷ್ಟ, ಬಹಳ ದುಡಿಯಬೇಕು ಎಂದು ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಕೆಯ ವಿಶ್ವ ರ‍್ಯಾಂಕಿಂಗ್ ಆಗ ನೂರರಾಚೆ. ಆಟದ ಜೊತೆಜೊತೆಗೇ ಓದುತ್ತ ಬಂದವಳು, ಅಣ್ಣ ನಾಸಾದಲ್ಲಿ ಕೆಲಸ ಮಾಡುತ್ತಾನೆ. ದುಡ್ಡಿನ ಕಾರಣಕ್ಕೆ ಬಿಡುತ್ತಿಲ್ಲ, ಓದಿನ ಮೇಲಿನ ಆಸೆಗೆ ಬಿಡುತ್ತಿದ್ದೇನೆ ಎಂದು ಆಕೆಯೇ ಸ್ಪಷ್ಟವಾಗಿ ಹೇಳಿದಳು. ನಮ್ಮ ಗುಂಪಿನಲ್ಲಿ ಇದನ್ನು ಯಾರೂ ನಂಬಲಿಲ್ಲ. ದುಡ್ಡಿಲ್ಲದೆ ಇನ್ನೇನು ಕಾರಣ ಇರುತ್ತದೆ ಎನ್ನುವುದು ನಮ್ಮ ವೃತ್ತಿಯವರ ತರ್ಕ.

ದುಡ್ಡಿನ ಮಾತು ಸುಳ್ಳೇನೂ ಅಲ್ಲ. ಮಗಳು ಐದು ವರ್ಷದಿಂದ ಆಡುತ್ತಿರುವುದರಿಂದ ನನಗೆ ಲೆಕ್ಕ ಗೊತ್ತು. ಬ್ಯಾಟಿನ ಒಂದು ಬದಿಯ ಒಳ್ಳೆಯ ರಬ್ಬರಿಗೆ ನಾಲ್ಕೈದು ಸಾವಿರ ರೂಪಾಯಿ, ಎರಡು ಬದಿ, ಕೆಲವೇ ತಿಂಗಳಲ್ಲಿ ಅದರ ಹಿಡಿತ ಹೋಗುತ್ತದೆ. ಕೋಚಿಂಗ್ ಫೀ, ಊರೂರು ಟೂರ್ನಿ, ರೈಲು, ಲಾಡ್ಜು. ದೊಡ್ಡವರಾದ ಮೇಲೆ ನಮ್ಮಲ್ಲಿ ಈ ಆಟಗಾರರನ್ನು ನಿಲ್ಲಿಸಿರುವುದು ಬಹುಮಟ್ಟಿಗೆ ಕ್ರೀಡಾ ಕೋಟಾದ ನೌಕರಿ. ಶರತ್ ಕಮಲ್ ಇಂಡಿಯನ್ ಆಯಿಲ್‌ನಲ್ಲಿ, ಶ್ರೀಜಾ ಅಕುಲಾ ರಿಸರ್ವ್ ಬ್ಯಾಂಕಿನಲ್ಲಿ. ಶರತ್ ಐದು ಒಲಿಂಪಿಕ್ಸ್ ಆಡಿ, 2025ರ ಮಾರ್ಚಿನಲ್ಲಿ ಚೆನ್ನೈಯಲ್ಲಿ ತಮ್ಮ ಊರ ಜನರ ಮುಂದೆ ನಲವತ್ತೆರಡನೆಯ ವಯಸ್ಸಿಗೆ ನಿವೃತ್ತರಾದರು. ಹೆಚ್ಚುಕಮ್ಮಿ ನನ್ನ ವಾರಿಗೆಯವರು. ಹಾಗೆ ಕೊನೆತನಕ ಆಡುವುದು ಒಂದು ದಾರಿ.

ಇನ್ನೂ ದೂರದ ಒಂದು ದಾರಿ ಬ್ರೆಜಿಲ್‌ನ ಹ್ಯೂಗೊ ಕಾಲ್ಡೆರಾನೊ ಎಂಬವನದು. ಫುಟ್‌ಬಾಲಿನ ನಾಡಿನಲ್ಲಿ, ರಿಯೊದಲ್ಲಿ 1996ರಲ್ಲಿ ಹುಟ್ಟಿದವನು. ಹದಿನಾಲ್ಕಕ್ಕೇ ತರಬೇತಿಗೆಂದು ಮನೆ ಬಿಟ್ಟು ಸಾವೊ ಪೌಲೊ ಕಡೆ ಹೋದ, ಆಮೇಲೆ ಯೂರೋಪಿಗೆ. ಜರ್ಮನಿಯ ಓಕ್ಸೆನ್‌ಹೌಸನ್ ಎಂಬ ಸಣ್ಣ ಊರಿನ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಇದ್ದ. ಅವನೂ ನಮ್ಮ ಹಾಗೆ ಹೊಟ್ಟೆಪಾಡಿನ ಊರಿನ ಭಾಷೆ ಕಲಿತವನು. ಪ್ಯಾರಿಸ್‌ನಲ್ಲಿ ಸೆಮಿಫೈನಲ್ ಸೋತು, ಕಂಚಿನ ಪಂದ್ಯವನ್ನೂ ಸೋತು ನಾಲ್ಕನೆಯವನಾದ. ಎಂಟು ತಿಂಗಳ ನಂತರ, 2025ರ ಏಪ್ರಿಲ್‌ನಲ್ಲಿ ಮಕಾವ್‌ನ ವಿಶ್ವಕಪ್‌ನಲ್ಲಿ ಸೆಮಿಫೈನಲ್‌ನಲ್ಲಿ ವಾಂಗ್ ಚುಚಿನ್, ಫೈನಲ್‌ನಲ್ಲಿ ಲಿನ್ ಶಿಡಾಂಗ್, ಹೀಗೆ ಚೀನಾದ ಇಬ್ಬರನ್ನು ಒಬ್ಬರ ಹಿಂದೊಬ್ಬರಂತೆ ಸೋಲಿಸಿ ಕಪ್ ಗೆದ್ದ. ಅಮೆರಿಕ ಖಂಡಗಳಿಂದ ಅದನ್ನು ಗೆದ್ದ ಮೊದಲಿಗ.

ಈ ಕಥೆಯನ್ನು ನಮ್ಮ ಗುಂಪಿನಲ್ಲಿ ಒಬ್ಬರು ಅರ್ಚನಾಳ ಹೆಸರಿನ ಕೆಳಗೆ ಹಾಕಿ, 'ಬಿಡದಿದ್ದರೆ ಹೀಗಾಗುತ್ತದೆ' ಎಂದು ಬರೆದರು. ಹಾಗೆ ಹೋಲಿಸುವುದು ಸುಲಭ. ಆದರೆ ನಾಲ್ಕನೆಯ ಸ್ಥಾನದಲ್ಲಿ ಸೋತು ಮತ್ತೆ ಬ್ಯಾಟ್ ಹಿಡಿದವನಿಗೆ ಆ ಆಟವೇ ಬೇಕಿತ್ತು. ಗೆದ್ದ ಪಂದ್ಯದ ಮೇಲೆ ಬ್ಯಾಟ್ ಕೆಳಗಿಟ್ಟವಳಿಗೆ ಇನ್ನೊಂದು ಬೇಕಿತ್ತು. ಇಬ್ಬರೂ ತಮಗೆ ಬೇಕಾದದ್ದು ಏನೆಂದು ತಿಳಿದುಕೊಂಡಿದ್ದರು. ನಮ್ಮಂಥವರಲ್ಲಿ ಅಪರೂಪವಾಗಿರುವುದು ಅದೇ. ನಾನು ಎಂಜಿನಿಯರಿಂಗ್ ಸೇರಿದ್ದು ಪಿಯುಸಿಯಲ್ಲಿ ಮಾರ್ಕ್ಸ್ ಬಂದಿತ್ತು ಅಂತ, ಎಂಟೆಕ್ ಮಾಡಿದ್ದು ಗೇಟ್ ಪರೀಕ್ಷೆ ಪಾಸಾಗಿತ್ತು ಅಂತ, ಪುಣೆಗೆ ಬಂದದ್ದು ಆಫರ್ ಬಂದಿತ್ತು ಅಂತ. ಇದರಲ್ಲಿ ದುಃಖವೇನೂ ಇಲ್ಲ, ಮನೆ ನಡೆದಿದೆ. ಆದರೆ ಒಂದನ್ನು ಚೆನ್ನಾಗಿ ಮಾಡುತ್ತಿರುವಾಗಲೇ 'ಇದು ಸಾಕು, ಈಗ ಅದು' ಎಂದು ನಾನು ಯಾವತ್ತೂ ಹೇಳಿದ್ದಿಲ್ಲ.

ಪ್ರಾಜೆಕ್ಟ್ ಮ್ಯಾನೇಜರನ ಕೆಲಸದಲ್ಲಿ ಒಂದು ಮಾತು ಬಹಳ ಕೇಳುತ್ತೇನೆ. ಈ ಕೆಲಸ ಇಲ್ಲಿಗೆ ನಿಲ್ಲಿಸೋಣ ಎಂದರೆ ಕ್ಲೈಂಟು 'ಇಷ್ಟು ದಿನ ಹಾಕಿದ ದುಡ್ಡು?' ಎನ್ನುತ್ತಾರೆ. ಹಾಕಿದ್ದು ಹಾಕಿಯಾಯಿತು, ಇನ್ನು ಮುಂದೆ ಹಾಕಬೇಕಾದದ್ದಕ್ಕೆ ಏನು ಸಿಗುತ್ತದೆ ಅಂತ ನೋಡಿ ಎಂದು ಅವರಿಗೆ ಸ್ಲೈಡ್ ಹಾಕಿ ತಿಳಿಸುತ್ತೇವೆ. ಮಕ್ಕಳ ವಿಷಯಕ್ಕೆ ಬಂದರೆ ನಾವೇ ಆ ಕ್ಲೈಂಟು. ಹಾಗಂತ ಆಟವನ್ನು ಪ್ರಾಜೆಕ್ಟಿನ ಲೆಕ್ಕದಲ್ಲಿ ಪೂರ್ತಿ ಹಿಡಿಯಲೂ ಆಗುವುದಿಲ್ಲ. ನಿಂತುಹೋದ ಪ್ರಾಜೆಕ್ಟಿನಿಂದ ಯಾರಿಗೂ ಏನೂ ಉಳಿಯುವುದಿಲ್ಲ. 19-17 ಆಕೆಯ ಜೊತೆ ಯಾವ ಕ್ಲಾಸ್‌ರೂಮಿಗಾದರೂ ಹೋಗುತ್ತದೆ, ಆ 1-11 ಕೂಡ.

ಒಂದು ಮಾತನ್ನು ಮರೆಯುವಂತಿಲ್ಲ. ಹೀಗೆ ಬಿಡುವ ಸ್ವಾತಂತ್ರ್ಯಕ್ಕೂ ಬೆನ್ನ ಹಿಂದೆ ಒಂದು ಮನೆ ಬೇಕು. ವೈದ್ಯರ ಮನೆಯ ಮಗಳಿಗೆ ಅದಿತ್ತು. ಕ್ರೀಡಾ ಕೋಟಾದ ನೌಕರಿಯೇ ಮನೆಯ ಮೊದಲ ಸಂಬಳವಾಗುವ ಹುಡುಗಿಗೆ ಆಟ ಬಿಡುವುದೆಂದರೆ ಕೆಲಸ ಬಿಟ್ಟ ಹಾಗೆ. ಅರ್ಚನಾಳ ನಿರ್ಧಾರವನ್ನು ಮೆಚ್ಚುವಾಗ ಇದನ್ನೂ ಸೇರಿಸಿಯೇ ಮೆಚ್ಚಬೇಕು.

ನಮ್ಮ ಮನೆಯಲ್ಲಿ ಈ ಚರ್ಚೆ ಈಗ ಬೇರೆಯವರ ಬಗ್ಗೆ ಉಳಿದಿಲ್ಲ. ಮಗಳು ಒಂಬತ್ತನೆಯ ಕ್ಲಾಸು. ಪುಣೆಯಲ್ಲಿ ಹತ್ತನೆಯ ಕ್ಲಾಸೆಂದರೆ ಇಡೀ ಸೊಸೈಟಿಗೆ ಗೊತ್ತಿರುವ ವಿಷಯ, ಲಿಫ್ಟಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಅವಳ ಜೊತೆ ಆಡುವ ಮಕ್ಕಳಲ್ಲಿ ಅರ್ಧದಷ್ಟು ಈಗಾಗಲೇ ಬಿಟ್ಟಿದ್ದಾರೆ. ಬೋರ್ಡಿನಲ್ಲಿ ಕ್ರೀಡೆಗೆ ಸಿಗುವ ಹೆಚ್ಚುವರಿ ಅಂಕಕ್ಕಾಗಿ ಕೆಲವರನ್ನು ಅಪ್ಪ ಅಮ್ಮ ಇನ್ನೊಂದು ವರ್ಷ ತಡೆದು ನಿಲ್ಲಿಸಿದ್ದಾರೆ. ನನ್ನ ಹೆಂಡತಿಗೆ ಗಣಿತದ ಚಿಂತೆ, ಅದು ಸುಳ್ಳು ಚಿಂತೆಯೂ ಅಲ್ಲ. ಧಾರವಾಡದಿಂದ ಅವ್ವ ಫೋನ್ ಮಾಡಿದಾಗ ವಿಷಯ ಹೇಳಿದೆ. 'ಸಾಲಿ ಎಲ್ಲಿ ಓಡಿ ಹೋಗ್ತೈತಿ? ಕೂಸು ನಕ್ಕೋತ ಮನಿಗೆ ಬರ್ತಿದ್ರ ಆಡಲಿ ಬಿಡು. ಅಳಕೋತ ಬರಾಕ ಹತ್ತಿದ್ರ ಆವಾಗ ನೋಡೂಣು' ಅಂದಳು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಡಿಸಿದ್ದರಂತೆ ಅವ್ವನಿಗೆ. ಅವಳನ್ನು ಯಾರೂ ಕೇಳಿರಲಿಲ್ಲ.

ಮಗಳನ್ನು ಕೇಳಿದೆ. 'ಆಡ್ತೀಯೋ ಬಿಡ್ತೀಯೋ' ಅಂತಲ್ಲ. 'ನಿನಗ ಏನ ಬೇಕಾಗೈತಿ' ಅಂತ. ಅವಳು ತಕ್ಷಣ ಉತ್ತರಿಸಲಿಲ್ಲ, ಎರಡು ದಿನ ತೆಗೆದುಕೊಂಡಳು. ಆಮೇಲೆ ಬಂದು, 'ಚಾಂಪಿಯನ್ ಆಗ್ತೀನೋ ಇಲ್ಲೋ ಗೊತ್ತಿಲ್ಲಪಾ. ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್ ಇನ್ನೂ ಸರಿಯಾಗಿ ಬಂದಿಲ್ಲ. ಅದು ಬರೂತನಕ ಬಿಡೂದಿಲ್ಲ' ಅಂದಳು. ವಾರಕ್ಕೆ ಆರು ದಿನದ ಅಭ್ಯಾಸ ನಾಲ್ಕಕ್ಕೆ ಇಳಿದಿದೆ, ಉಳಿದೆರಡು ಸಂಜೆ ಗಣಿತಕ್ಕೆ. ಮುಂದಿನ ತಿಂಗಳು ರಬ್ಬರ್ ಬದಲಿಸಬೇಕು, ಆರ್ಡರ್ ಹಾಕಿದ್ದೇನೆ. ಬಿಡುವ ದಿನ ಬಂದರೆ ಬರಲಿ. ಅದನ್ನು ಅವಳೇ ಬಂದು ನಮಗೆ ಹೇಳಲಿ ಎನ್ನುವುದಷ್ಟೇ ನನ್ನ ಆಸೆ.