27 ನಂಬರಿನ ಕುಂಬ್ಳೆ

2019ರ ಆಗಸ್ಟ್‌ನಲ್ಲಿ ಘಟಪ್ರಭೆ ನಮ್ಮ ಮೇಲವಂಕಿಯೊಳಗೆ ಬಂದಾಗ ಅವ್ವ ಅಟ್ಟಕ್ಕೆ ಏರಿಸಿದ್ದು ಮೂರೇ ಸಾಮಾನು. ಜೋಳದ ಚೀಲ, ಹೊಲದ ಉತಾರ ಇದ್ದ ಟ್ರಂಕು, ಮತ್ತೊಂದು ತಗಡಿನ ಡಬ್ಬಿ. ನೀರು ಇಳಿದ ಮೇಲೆ ಕಾಳಜಿ ಕೇಂದ್ರದಿಂದ ಮನೆಗೆ ಬಂದು ಡಬ್ಬಿ ತೆಗೆದರೆ ಒಳಗೆ ನಮ್ಮ ಸಾಲಿ ದಿನದ ಕ್ರಿಕೆಟ್ ಕಾರ್ಡು! ಅವ್ವ ಬ್ಯಾಂಕಿನ ಕಾಗದ ಅಂದುಕೊಂಡಿದ್ದಳಂತೆ. "ಈ ಕಸಕ್ಕ ನಾ ಅಟ್ಟ ಹತ್ತಿದ್ನಿ?" ಅಂತ ಬೈದಳು.

ಇಲ್ಲಿ ನಾವು ಅಂದರೆ ಅಣ್ಣ-ತಮ್ಮ ಇಬ್ಬರೂ. ಒಬ್ಬರು ಸುದ್ದಿ ಬರೆಯುತ್ತೇವೆ, ಒಬ್ಬರು ಹೊಲ ನೋಡುತ್ತೇವೆ. ಈಗ ಹೇಳುವ ತಪ್ಪನ್ನು ಇಬ್ಬರೂ ಕೂಡಿಯೇ ಮಾಡಿದ್ದು.

ಮೂವತ್ತು ದಾಟಿದವರಿಗೆ ಟ್ರಂಪ್ ಕಾರ್ಡ್ ನೆನಪಿರಬೇಕು. ಕಾರ್ಡಿನ ಮೇಲೆ ಆಟಗಾರನ ಫೋಟೋ, ಕೆಳಗೆ ಆಡಿದ ಮ್ಯಾಚು, ರನ್ನು, ವಿಕೆಟ್ಟು, ಕ್ಯಾಚು. ಒಬ್ಬ "ರನ್" ಅಂದರೆ ಇಬ್ಬರೂ ಕಾರ್ಡು ತೋರಿಸಬೇಕು. ಯಾರ ಅಂಕಿ ದೊಡ್ಡದೋ ಅವನಿಗೆ ಎದುರಿನವನ ಕಾರ್ಡು. ಕುಸ್ತಿಯವರ ಡಬ್ಲ್ಯೂಡಬ್ಲ್ಯೂಎಫ್ ಕಾರ್ಡೂ ಹಾಗೆಯೇ. ನಮಗಿಂತ ದೊಡ್ಡವರ ಕಾಲಕ್ಕೆ ಬಿಗ್ ಫನ್ ಬಬಲ್ ಗಮ್ ಜೊತೆ ಆಟಗಾರರ ಚಿತ್ರ ಬರುತ್ತಿದ್ದವು. ಅವೂ ನಮ್ಮ ಡಬ್ಬಿಯಲ್ಲಿ ನಾಕೈದು ಇದ್ದವು.

ಡಬ್ಬಿ ನಾಕು ವರ್ಷ ಹಾಗೇ ಬಿದ್ದಿತ್ತು. ಆಮೇಲೆ ಮೊಬೈಲಿನ ಡಿಸ್‌ಪ್ಲೇ ಒಡೆಯಿತು. ಸುದ್ದಿಗೆ ಇಷ್ಟು ಅಂತ ದುಡ್ಡು ಪಡೆಯುವ ವರದಿಗಾರನಿಗೆ ಮೊಬೈಲೇ ಕೂರಿಗೆ, ಅದೇ ರಂಟೆ. ರಿಪೇರಿಗೆ 2,800 ರೂಪಾಯಿ ಕೇಳಿದರು. ಅದೇ ಹೊತ್ತಿಗೆ ಅಮೆರಿಕದ ಸುದ್ದಿಯೊಂದು ಕಣ್ಣಿಗೆ ಬಿತ್ತು. ಆಗಸ್ಟ್ 2022ರಲ್ಲಿ ಮಿಕ್ಕಿ ಮ್ಯಾಂಟಲ್ ಎಂಬ ಬೇಸ್‌ಬಾಲ್ ಆಟಗಾರನ 1952ರ ಒಂದು ಕಾರ್ಡು 1.26 ಕೋಟಿ ಡಾಲರಿಗೆ ಹರಾಜಾಗಿತ್ತು. ನಮ್ಮ ರೊಕ್ಕದಲ್ಲಿ ಸುಮಾರು 100 ಕೋಟಿ. ನಾವಿಬ್ಬರೂ ಡಬ್ಬಿಯ ಕಡೆ ನೋಡಿದೆವು.

ಓದುತ್ತಾ ಹೋದಂತೆ ಗೊತ್ತಾಯಿತು, ಅದು ಬರೀ ಹಳೆಯದಾಗಿದ್ದಕ್ಕೆ ಬಂದ ಬೆಲೆಯಲ್ಲ. ಕೆಡದೆ ಉಳಿದದ್ದಕ್ಕೆ ಬಂದ ಬೆಲೆ. ಕಾರ್ಡಿನ ಮೂಲೆ, ಅಂಚು, ಮೈ, ಚಿತ್ರ ನಡುವೆ ಕೂತಿದೆಯೋ ಇಲ್ಲವೋ, ಇಷ್ಟು ನೋಡಿ 10ಕ್ಕೆ ಅಂಕ ಕೊಡುವ ಕಂಪನಿಗಳೇ ಇವೆ. ಆ ಮ್ಯಾಂಟಲ್ ಕಾರ್ಡಿಗೆ 9.5 ಸಿಕ್ಕಿತ್ತು. ನಮ್ಮವಕ್ಕೆ ಹೊಳೆಯ ತೇವ ಹತ್ತಿತ್ತು. ತಳದ ಕಾರ್ಡು ಒಂದಕ್ಕೊಂದು ಅಂಟಿ ರೊಟ್ಟಿಯಾಗಿದ್ದವು.

ಆದರೂ ಮಾರಿ ನೋಡೋಣ ಅಂದೆವು. ಇಂಥ ಕಾರ್ಡುಗಳನ್ನು ಆನ್‌ಲೈನಿನಲ್ಲಿ ನಮ್ಮ ಪರವಾಗಿ ಮಾರಿಕೊಡುವವರಿದ್ದಾರೆ. ಹೊಸ ವಿದ್ಯೆ ಅಂದುಕೊಳ್ಳಬೇಡಿ, ಇದು ನಮ್ಮ ಅಡತಿ ವ್ಯಾಪಾರವೇ. ಅರಿಷಿಣ ಸಾಂಗಲಿಗೆ ಹೋಗುತ್ತದಲ್ಲ, ಹಾಗೆ. ಮಾಲು ನಮ್ಮದು, ಕಟ್ಟೆ ಅಡತಿಯವನದು. ಸವಾಲಿನಲ್ಲಿ ಮಾಲು ಹೋದ ಮೇಲೆ ಅವನು ಹಮಾಲಿ, ತೂಕದ ಖರ್ಚು ಮುರಿದುಕೊಂಡು ಪಟ್ಟಿ ಕೊಡುತ್ತಾನೆ. ಇಲ್ಲಿಯೂ ಅಷ್ಟೇ. ಕಾರ್ಡು ಅವರಿಗೆ ಕಳಿಸಬೇಕು, ಅವರು ಫೋಟೋ ತೆಗೆದು ಬೆಲೆ ಹಚ್ಚಿ ಇಡುತ್ತಾರೆ, ಮಾರಿದ ಮೇಲೆ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುತ್ತಾರೆ. ಮಾರದಿದ್ದರೆ ವಾಪಸು.

112 ಕಾರ್ಡಿನ ಫೋಟೋ ಕಳಿಸಿದೆವು. 9 ಕಳಿಸಿ ಅಂದರು. ಪ್ಲಾಸ್ಟಿಕ್ ಕವರಿಗೆ 150, ಸ್ಪೀಡ್ ಪೋಸ್ಟಿಗೆ 62 ಖರ್ಚಾಯಿತು. ಶ್ರಾವಣದಲ್ಲಿ ಕಳಿಸಿದ್ದಕ್ಕೆ ದೀಪಾವಳಿ ಕಳೆದ ಮೇಲೆ ಪಟ್ಟಿ ಬಂತು. 6 ಕಾರ್ಡು ಮಾರಿ ಬಂದದ್ದು 2,150. ಅದರಲ್ಲಿ ಕಮಿಷನ್ ನೂರಕ್ಕೆ ಇಪ್ಪತ್ತು, ಅಂದರೆ 430. ಫೋಟೋ ತೆಗೆದು ಇಟ್ಟುಕೊಂಡದ್ದಕ್ಕೆ ಕಾರ್ಡಿಗೆ 15ರಂತೆ 135. ಉಳಿದ 3 ವಾಪಸು ಕಳಿಸಲು 70. ಖಾತೆಗೆ 1,515 ಬಿತ್ತು. ನಮ್ಮ ಕೈಯಿಂದ ಹೋದದ್ದು ಕಳೆದರೆ 1,303. ಡಿಸ್‌ಪ್ಲೇಗೆ ಅರ್ಧವೂ ಆಗಲಿಲ್ಲ. ಆದರೆ ಮೋಸವೇನೂ ಇರಲಿಲ್ಲ. ಎಷ್ಟು ಮುರಿದುಕೊಳ್ಳುತ್ತೇವೆ ಅಂತ ಮೊದಲೇ ಬರೆದು ಕೊಟ್ಟಿದ್ದರು, ಅಷ್ಟೇ ಮುರಿದುಕೊಂಡರು.

ಅವರು ಬೇಡವೆಂದ ಕಾರ್ಡುಗಳಲ್ಲಿ ಒಂದು ಅನಿಲ್ ಕುಂಬ್ಳೆಯದು. ಮುಂದಿನ ಮೈ ಹೊಸದರಂತಿತ್ತು. ಹಿಂದೆ ಮಾತ್ರ ಬಾಲ್‌ಪೆನ್ನಿನಲ್ಲಿ 27 ಅಂತ ಬರೆದಿತ್ತು. "ಬರವಣಿಗೆ ಇರುವುದರಿಂದ ಸ್ವೀಕರಿಸುವುದಿಲ್ಲ" ಅಂತ ಉತ್ತರ ಬಂದಿತ್ತು. ಉಜ್ಜಿ ಅಳಿಸಿ ಇನ್ನೊಮ್ಮೆ ಫೋಟೋ ಕಳಿಸಿದರಾಯಿತು ಅಂತ ರಬ್ಬರು ತಂದೆವು. ಎರಡು ಸಲ ಉಜ್ಜಿದ ಮೇಲೆ ಕೈ ನಿಂತಿತು. 27 ನಮ್ಮ ಗೆಳೆಯನ ಹಾಜರಿ ನಂಬರು.

ಫೆಬ್ರುವರಿ 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ಕುಂಬ್ಳೆ 74 ರನ್ ಕೊಟ್ಟು ಹತ್ತಕ್ಕೆ ಹತ್ತೂ ವಿಕೆಟ್ ತೆಗೆದಿದ್ದರು. ನಮ್ಮ ಕರ್ನಾಟಕದವರು ಅಂತ ಸಾಲಿ ಹುಡುಗರೆಲ್ಲ ಎದೆ ಉಬ್ಬಿಸಿ ತಿರುಗಿದ ದಿನ ಅವು. ಆ ವಾರ ಗೆಳೆಯ ಗೋಕಾಕ ಸಂತೆಯಲ್ಲಿ ಕಾರ್ಡಿನ ಪಾಕೀಟು ಕೊಂಡ. ಕುಂಬ್ಳೆ ಬಂದ. ಯಾರೂ ಕದಿಯಬಾರದು ಅಂತ ಹಿಂದೆ ನಂಬರು ಬರೆದ. ನಾವು ಕದಿಯಲಿಲ್ಲ, ಗೆದ್ದೆವು. ಹೇಗೆ ಅಂದರೆ, ಒಬ್ಬರು ಎದುರು ಕೂತು ಆಡಿದೆವು, ಇನ್ನೊಬ್ಬರು ಅವನ ಬೆನ್ನ ಹಿಂದೆ ನಿಂತು ಕಾರ್ಡು ನೋಡಿದೆವು. ತಲೆ ಕೆರೆದರೆ "ರನ್" ಕೇಳಬೇಕು, ಕಾಲು ಕೆರೆದರೆ "ವಿಕೆಟ್". ಆ ದಿನ ತಲೆ ಕೆರೆದದ್ದಾಯಿತು. ನಮ್ಮ ಕೈಯಲ್ಲಿ ಅಜರುದ್ದೀನ್ ಇದ್ದ, ಕುಂಬ್ಳೆ ನಮ್ಮ ಪಾಲಾದ. ಗೆಳೆಯ ವಾಪಸು ಕೇಳಿದ. ಕೊಡಲಿಲ್ಲ. ಏಳನೇತ್ತೆ ಮುಗಿಸಿ ಅವನು ಸಾಲಿ ಬಿಟ್ಟ.

ಈಗ ಅವನು ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಒಂದು ರಾತ್ರಿ ಫ್ಯಾಕ್ಟರಿ ಯಾರ್ಡಿಗೆ ಹೋದೆವು. ಪಾಳಿ ಹಚ್ಚಿ ನಿಂತಿದ್ದ. ಮಗನೂ ಜೊತೆಗಿದ್ದ. ಕಾರ್ಡು ಕೊಟ್ಟೆವು, ಮಾರಿದ ಕಥೆಯನ್ನೂ ಹೇಳಿದೆವು. ಅವನು ಮೊದಲು ಕೇಳಿದ್ದು ಬೇರೆಯೇ.

"ಮೊದಲ ರೊಕ್ಕ ಏನರ ಹಾಕಿದ್ರೇನು ಅವರಿಗೆ?"

ಆಗ ಗೊತ್ತಾಯಿತು. ಟ್ರ್ಯಾಕ್ಟರ್ ಚಿತ್ರದ ಹಳೇ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ ಅಂತ ಯಾರೋ ಫೋನ್ ಮಾಡಿ, ನೋಂದಣಿ ಅಂತ, ಟ್ಯಾಕ್ಸ್ ಅಂತ ಅವನಿಂದ 4,500 ಹಾಕಿಸಿಕೊಂಡಿದ್ದರು. ನಾಚಿಕೆಗೆ ಮನೆಯಲ್ಲೂ ಹೇಳಿರಲಿಲ್ಲ. ಮೋಸದ ಸುದ್ದಿ ಬರೆಯುವ ನಾವು ಒಂದೇ ಊರಲ್ಲಿದ್ದೂ ಅವನನ್ನು ಮಾತಾಡಿಸಿರಲಿಲ್ಲ.

ಅದಕ್ಕೆ ಓದುವ ನಿಮಗೂ ಹೇಳುತ್ತೇವೆ. ನಿಮ್ಮ ಮಾಲು ಕೊಳ್ಳುವವನು ನಿಮಗೆ ರೊಕ್ಕ ಕೊಡಬೇಕು, ನೀವು ಅವನಿಗಲ್ಲ. ರಿಸರ್ವ್ ಬ್ಯಾಂಕ್ ಹೆಸರು ಹೇಳಿದರೂ ನಂಬಬೇಡಿ. ಹಳೇ ನೋಟು, ನಾಣ್ಯದ ವ್ಯವಹಾರಕ್ಕೆ ತಾನು ಕೈ ಹಾಕುವುದಿಲ್ಲ, ಫೀ-ಕಮಿಷನ್ ಕೇಳುವುದಿಲ್ಲ ಅಂತ ಆ ಬ್ಯಾಂಕೇ ಆಗಸ್ಟ್ 2021ರಲ್ಲಿ ಹೇಳಿದೆ. ರೊಕ್ಕ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ನಾಚಿಕೊಂಡು ಕೂತರೆ ರೊಕ್ಕ ದೂರ ಹೋಗುತ್ತದೆ.

ಗೆಳೆಯ ಹೆಡ್‌ಲೈಟಿನ ಬೆಳಕಿಗೆ ಕಾರ್ಡು ಹಿಡಿದು ಹಿಂದೆ ಮುಂದೆ ನೋಡಿದ. ಅರ್ಧ ಅಳಿಸಿದ 27ರ ಮೇಲೆ ಹೆಬ್ಬೆರಳು ಆಡಿಸಿದ. ಮಗ ಇಣುಕಿ, "ಯಾರಪ್ಪಾ ಇಂವಾ?" ಅಂದ.

"ಹತ್ತು ಮಂದೀನ ಒಬ್ಬನ ಔಟ್ ಮಾಡಿದಾಂವಾ."

ಆಡಿದ ಮೋಸ ಹೇಳಬೇಕಂತ ನಾವು ಬಾಯಿ ತೆಗೆದೆವು. ಅವನು ಬಿಡಲಿಲ್ಲ. "ನಿನ್ನ ತಮ್ಮಗ ತಲ್ಯಾಗ ಹೇನ ಭಾಳ ಇದ್ದೂ ಅಂತ ನನಗ ಆವಾಗ ಗೊತ್ತಿತ್ತ ತಗೋ" ಅಂದ.

ಪಾಳಿ ಸರಿಯಿತು. ಫ್ಯಾಕ್ಟರಿ ಚೀಟಿಯ ಜೊತೆ ಕಾರ್ಡನ್ನೂ ಅಂಗಿ ಕಿಸೆಗೆ ಇಟ್ಟುಕೊಂಡು ಗಾಡಿ ಚಾಲೂ ಮಾಡಿದ.